ಮಲ್ಲಪ್ಪನ ಕಂಟಿ

ಕಂಟಿ ಅಲ್ಲೇ ಇತ್ತು. ಅದನ್ನು ಸರಿಸಿದವನು ನಾನು.

ಇಷ್ಟು ಹೇಳುವುದಕ್ಕೆ ನನಗೆ ಎಷ್ಟು ವರ್ಷ ಹಿಡಿಯಿತೆಂದರೆ, ಅಷ್ಟರಲ್ಲಿ ನಮ್ಮೂರಲ್ಲಿ ಅದರ ಮೇಲೊಂದು ಗಾದೆಯೇ ಹುಟ್ಟಿ ಬೆಳೆದುಬಿಟ್ಟಿತು. ಬರುತ್ತೇನೆಂದವನು ಬಾರದಿದ್ದರೆ, ಮಾಡುತ್ತೇನೆಂದವನು ಮಾಡದಿದ್ದರೆ, ನಮ್ಮ ಕಡೆ ಈಗ "ನಿನ್ನ ಮಾತೇನಪಾ, ಮಲ್ಲಪ್ಪನ ಕಂಟಿ!" ಅನ್ನುತ್ತಾರೆ. ಅಂದು ನಗುತ್ತಾರೆ. ಈಚೆಗೆ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಗುರುತೇ ಇಲ್ಲದ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಗಂಡನನ್ನು ಹಾಗೆಂದೇ ಬೈಯುತ್ತಿದ್ದಳು. ಆ ಮಲ್ಲಪ್ಪ ಯಾರು, ಅದು ಯಾವ ಕಂಟಿ — ಅವಳಿಗೇನು ಗೊತ್ತು? ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಕುಡಿಯಲಾಗಲಿಲ್ಲ.

ನಾನು ಮಾತು ಕಲಿತದ್ದು ಹಿರಿಯರ ಬಾಯಿಂದ. ಹುಡಗಿ ಎಂಬ ಊರಿನ ನನ್ನ ಆಯಿ, ನನ್ನ ತಾಯಿಯ ತಾಯಿ, ಜೋಳ ಹಸನು ಮಾಡುತ್ತ ಹೇಳುತ್ತಿದ್ದಳು: "ಮನಷ್ಯಾ ಸತ್ರ ಮಣ್ಣಾಗ ಹೋಗ್ತಾನ ತಮ್ಮಾ. ಗಾದಿಮಾತು ಎಲ್ಲಿ ಹೋಗ್ತದ? ಬಾಯಿಂದ ಬಾಯಿಗೆ ತಿರಗತದ." ಅಂದು ಅದು ಚಂದದ ಮಾತೆನಿಸಿತ್ತು. ಇಂದು ನೆನೆದರೆ ಭಯವಾಗುತ್ತದೆ. ಬದುಕಿರುವ ಒಬ್ಬ ಮನುಷ್ಯನ ಹೆಸರನ್ನು ಗಾದೆಯೊಳಗೆ ತಳ್ಳಿ ಅಗಳಿ ಹಾಕಿದವನು ನಾನು. ಈಗ ತೆಗೆಯಲು ಹೋದರೆ —

ಮೊದಲಿನಿಂದ ಹೇಳುತ್ತೇನೆ.

ನಮ್ಮೂರ ಬೆನ್ನಿಗೆ ಕೆಂಪು ಮೊರಂ ಮಣ್ಣಿನ ಗುಡ್ಡವಿದೆ. ಮೇಲೆ ಹತ್ತಿದರೆ ಅಗಲವಾದ ಬಯಲು, ಅಲ್ಲೊಂದೆರಡು ಸಣ್ಣ ಊರು, ಆಚೆ ಇಳಿದರೆ ಹುಮನಾಬಾದಿನ ಕಡೆಯ ತೊಗರಿ ಹೊಲಗಳು. ದೊಡ್ಡ ಬೆಟ್ಟ ನೋಡಿದವರು ನಮ್ಮ ಗುಡ್ಡ ನೋಡಿ ನಕ್ಕಾರು. ಆದರೆ ಮಳೆಗಾಲದಲ್ಲಿ ಅದರ ದಾರಿಯೊಡನೆ ಯಾರೂ ಚೇಷ್ಟೆ ಮಾಡುವುದಿಲ್ಲ. ನೀರು ಒಳಗಿಂದೊಳಗೇ ಮೊರಂ ಕೊರೆಯುತ್ತದೆ. ಮೇಲಿಂದ ನೋಡಿದರೆ ದಾರಿ ಚೆನ್ನಾಗಿಯೇ ಇರುತ್ತದೆ. ಕೆಳಗೆ ಹೊಟ್ಟೆ ಖಾಲಿ.

ಅದಕ್ಕೇ ಕಂಟಿ. ದಾರಿ ಕೆಟ್ಟಿದೆ ಎಂದು ಮೊದಲು ಕಂಡವನು ಜಾಲಿಯ ದೊಡ್ಡದೊಂದು ಟೊಂಗೆ ಕಡಿದು ಅಡ್ಡ ಎಳೆದು, ಬುಡಕ್ಕೆ ಕಲ್ಲು ಹೇರಿ, ದೂರದಿಂದ ಕಾಣಲೆಂದು ಚಿಂದಿ ಕಟ್ಟುತ್ತಾನೆ. ಕಂಟಿ ಹಚ್ಚುವುದು ಎನ್ನುತ್ತೇವೆ. ಕಂಟಿ ಇದ್ದರೆ ಸುತ್ತು ದಾರಿ ಹಿಡಿಯಬೇಕು. ತೀರ ಅನಿವಾರ್ಯವಾಗಿ ದಾಟುವವನು ಸರಿಸಬಹುದು. ಆದರೆ ಸರಿಸಿದವನೇ ಮತ್ತೆ ಹಚ್ಚಿ ಹೋಗಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ನೀವು ಗಮನಿಸಬೇಕಾದ್ದು ಇನ್ನೊಂದಿದೆ — ಕಂಟಿ ಇಲ್ಲವೆಂದರೆ ದಾರಿ ಗಟ್ಟಿಯಿದೆ ಎಂದರ್ಥ. ಇಲ್ಲದ ಕಂಟಿಯೂ ಮಾತಾಡುತ್ತದೆ.

ಗುಡ್ಡದ ಬುಡದಲ್ಲಿ ಊರಿಗೆಲ್ಲ ಅಜ್ಜನಾದ ಮಲ್ಲಪ್ಪ ಮುತ್ಯಾರ ಹೊಲ. ಹಾಗಾಗಿ ಮಳೆ ಬಂದಾಗಲೆಲ್ಲ ದಾರಿ ನೋಡಿ ಕಂಟಿ ಹಚ್ಚುವ ಕೆಲಸ ತಾನಾಗಿಯೇ ಅವರಿಗೆ ಬಂದಿತ್ತು. ತಾವು ಮಾಡಿದ ದೊಡ್ಡ ಕೆಲಸವೆಂದರೆ ಅದೊಂದೇ ಎಂದು ಅವರೇ ಚೇಷ್ಟೆ ಮಾಡುತ್ತಿದ್ದರು.

ನನಗೆ ಬಸವಕಲ್ಯಾಣದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅದರ ಜತೆಗೊಂದು ಹುಚ್ಚು — ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಹಳೆಯ ಜೀಪು. ಸಣ್ಣ ಗೇರು ಹಾಕಿದರೆ ನಾಲ್ಕೂ ಗಾಲಿ ಎಳೆಯುವ ಗಾಡಿ. ಬಿಡುವಾದಾಗ ಅದನ್ನು ತೆಗೆದುಕೊಂಡು ಒಬ್ಬನೇ ಗುಡ್ಡದ ದಾರಿಗಳನ್ನು ಹುಡುಕುತ್ತ ಹೋಗುತ್ತಿದ್ದೆ. ಯಾರನ್ನೂ ಕರೆಯುತ್ತಿರಲಿಲ್ಲ. ದಿನವಿಡೀ ಮಾತಾಡುವ ಬಾಯಿ ನನ್ನದು. ಅಲ್ಲಿ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಕಠಿಣ ಜಾಗ ಬಂದರೆ ಇಳಿದು, ನಡೆದು ನೋಡಿ, ಗಾಲಿಗೆ ಕಲ್ಲಿಟ್ಟು, ಮತ್ತೆ ಹತ್ತಿ — ದಾರಿ ತೋರಿಸುವವನೂ ನಾನೇ, ಹೋಗುವವನೂ ನಾನೇ. ನೋಡುವವರಿಲ್ಲ. ಸಾಕ್ಷಿಯೇ ಇಲ್ಲದ ಖುಷಿ. ಆ ಖುಷಿಯ ಇನ್ನೊಂದು ಮುಖ ಆಗ ನನಗೆ ತಿಳಿದಿರಲಿಲ್ಲ.

ಅದು ಶ್ರಾವಣ, ನಾಗರಪಂಚಮಿ ಹತ್ತಿರ ಬಂದಿತ್ತು. ಮಳೆ ನಡುವೆ ಒಂದೆರಡು ದಿನ ಬಿಡುವು ಕೊಟ್ಟಿತ್ತು. ಮುತ್ಯಾ ಊಟಕ್ಕೆ ಮನೆಗೆ ಹೋದ ಹೊತ್ತು ನಾನು ಗುಡ್ಡ ಹತ್ತಿದೆ. ಅರ್ಧ ಏರಿದ ಮೇಲೊಂದು ತಿರುವಿದೆ — ಒಂದು ಕಡೆ ಗೋಡೆಯಂಥ ಮೊರಂ, ಇನ್ನೊಂದು ಕಡೆ ಆಳದ ಕೊರಕಲು. ಅಲ್ಲಿಯ ತನಕ ಜೀಪು ಬರುವುದು ಎಲ್ಲರಿಗೂ ಗೊತ್ತು. ತಿರುವು ದಾಟಿ ಯಾವ ನಾಲ್ಕು ಗಾಲಿಯ ಗಾಡಿಯೂ ಹೋದದ್ದಿಲ್ಲ. ತಿರುವಿನ ಮುಂದೆ ಕಂಟಿ ಮಲಗಿತ್ತು. ಅದರ ತುದಿಯಲ್ಲಿ ಹಸಿರು ಸೀರೆಯ ಚಿಂದಿ.

ನಾನು ಇಳಿದು ನೋಡಿದೆ. ಹೊರ ಅಂಚು ಪೊಳ್ಳಾಗಿತ್ತು. ಒಳ ಮಗ್ಗುಲಿಗೆ ಒತ್ತಿಕೊಂಡು ಹೋದರೆ — ಹೋಗಬಹುದು ಅನಿಸಿತು. ಕಲ್ಲು ಸರಿಸಿ ಕಂಟಿಯನ್ನು ಬದಿಗೆಳೆದೆ. ಹೆಬ್ಬೆರಳಿಗೆ ಮುಳ್ಳು ಚುಚ್ಚಿ ತುದಿ ಒಳಗೇ ಮುರಿಯಿತು. ಹೇಗೂ ಇದೇ ದಾರಿಯಲ್ಲಿ ಮರಳಿ ಬರುತ್ತೇನಲ್ಲ, ಆಗ ಹಚ್ಚಿದರಾಯಿತು ಎಂದುಕೊಂಡೆ. ಸಣ್ಣ ಗೇರು ಹಾಕಿದೆ. ಎಡಗಡೆಯ ಗಾಲಿಗಳು ಗೋಡೆ ಹತ್ತಿದವು, ಗಾಡಿ ಓರೆಯಾಯಿತು — ದಾಟಿದೆ! ಹಿಂದಿನಿಂದ ಒಂದು ಹೆಂಟೆ ಮೊರಂ ಕೊರಕಲಿಗೆ ಬಿದ್ದ ಸದ್ದು ಕೇಳಿತು. ತಿರುಗಿ ನೋಡಿದೆ. ಅಂಚು ಮೊದಲಿಗಿಂತ ತೆಳ್ಳಗಾಗಿತ್ತು. ಇದನ್ನು ನಾನು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ.

ಬಯಲ ಮೇಲೆ ಗಾಳಿ. ಸೊಂಟದೆತ್ತರ ಹುಲ್ಲು. ಹುಲ್ಲಿನ ನಡುವೆ ಹಳೆಯದೊಂದು ಗಾಡಿದಾರಿಯ ಗುರುತು ಆಚೆಗೆ ಇಳಿದು ಹೋಗಿತ್ತು. ಇಳಿದೇಬಿಟ್ಟೆ. ಹಳ್ಳ ದಾಟಿ, ಹೊಲಗಳ ಬದು ಹಿಡಿದು ಹುಮನಾಬಾದಿನ ಹೆದ್ದಾರಿಗೆ ಬಂದಾಗ ನನಗೆ ಜಗತ್ತು ಗೆದ್ದಷ್ಟು ಆನಂದ. ಕಲ್ಯಾಣದ ಕಡೆಯಿಂದ ಗುಡ್ಡದ ಮೇಲೇ ಹುಮನಾಬಾದ್ ಮುಟ್ಟಿದವನು ಇನ್ಯಾರಿದ್ದಾರೆ! ಹೆದ್ದಾರಿ ಬದಿ ಚಹಾಕ್ಕೆ ಕುಳಿತು, ಈ ಕಥೆಯನ್ನು ಊರಿಗೆ ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಹೆಣೆಯುತ್ತಿದ್ದೆ. ಚಹಾದ ಬಸಿ ಎತ್ತಿದಾಗ ಹೆಬ್ಬೆರಳು ಚಳಕ್ಕೆಂದಿತು.

ಕಂಟಿ.

ಮರೆತೆನೆಂದು ಬರೆಯಬಹುದಿತ್ತು. ಎಲ್ಲರೂ ಕ್ಷಮಿಸುತ್ತಿದ್ದರು. ಆದರೆ ನೆನಪಾಗಿತ್ತು. ಫೋನು ಜೇಬಿನಲ್ಲಿತ್ತು. ಊರಿನ ಯಾರಿಗಾದರೂ "ಕಂಟಿ ತಗದೀನಿ, ಮುತ್ಯಾರಿಗೆ ಹಚ್ಚಾಕ ಹೇಳ್ರಿ" ಎಂದರೆ ಸಾಕಿತ್ತು. ಆದರೆ ಹಾಗೆ ಹೇಳಿದ್ದರೆ ಮೊದಲು ಬೈಗುಳ ತಿನ್ನಬೇಕಾಗುತ್ತಿತ್ತು, ನನ್ನ ಕಥೆಯ ರುಚಿ ಕೆಡುತ್ತಿತ್ತು. ಮೋಡ ಕವಿದಿತ್ತು. ಈ ಮಳೆಯಲ್ಲಿ ಯಾರು ಗುಡ್ಡ ಹತ್ತುತ್ತಾರೆ? ನಾಳೆ ಹೋಗಿ ಹಚ್ಚಿದರಾಯಿತು — ಇಷ್ಟೇ. ಇಷ್ಟು ಸಣ್ಣದು. ಹೆದ್ದಾರಿಯಲ್ಲೇ ಮನೆಗೆ ಬಂದೆ. ಮಳೆ ಧೋ ಎಂದು ಸುರಿಯಿತು.

ಮರುದಿನ ಬೆಳಿಗ್ಗೆ ಬಳೆಗಾರ ಇಸ್ಮಾಯಿಲ್ ಬಿದ್ದ.

ಅವನನ್ನು ನಮ್ಮ ಕಡೆಯ ಹೆಂಗಸರೆಲ್ಲ ಬಲ್ಲರು. ಪಂಚಮಿಗೆ ಮೊದಲು ಮೊಪೆಡ್ ಮೇಲೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಗುಡ್ಡದ ಮೇಲಿನ ಊರುಗಳಿಗೂ ಹೋಗುತ್ತಿದ್ದ. ಮಲ್ಲಪ್ಪ ಮುತ್ಯಾರನ್ನು ಕಾಕಾ ಎನ್ನುತ್ತಿದ್ದ. ಹೋಗುವಾಗೊಮ್ಮೆ ಬರುವಾಗೊಮ್ಮೆ ಅವರ ಹೊಲದಲ್ಲಿ ಕುಳಿತು ಎಲೆಯಡಿಕೆ ಹಾಕದೆ ದಾಟಿದವನಲ್ಲ. ಆ ಬೆಳಿಗ್ಗೆ ಮುತ್ಯಾ ಇನ್ನೂ ಹೊಲಕ್ಕೆ ಬಂದಿರಲಿಲ್ಲ. ತಿರುವಿನಲ್ಲಿ ಅಂಚು ಕುಸಿದು ಗಾಡಿಯೊಂದಿಗೆ ಕೊರಕಲಿಗೆ ಹೋಗಿದ್ದ.

ಜನ ಓಡಿ ಬಂದದ್ದು ನನ್ನ ಬಳಿಗೆ. ಅಲ್ಲಿಯ ತನಕ ಹೋಗುವ ಗಾಡಿ ನನ್ನದೊಂದೇ ತಾನೆ. ನಾನೇ ಹೋದೆ. ಕೊರಕಲಿನ ಕೆಂಪು ರಾಡಿಯ ತುಂಬ ಹಸಿರು ಗಾಜಿನ ಚೂರು. ಅವನನ್ನು ಹೊತ್ತು ಜೀಪಿನಲ್ಲಿ ಮಲಗಿಸಿದಾಗ ಅವನಂದ ಮಾತು ಒಂದೇ: "ಕಂಟಿ ಇದ್ದಿಲ್ಲ ಅಣ್ಣಾ... ಅದಕ್ಕ ಹೋದೆ."

ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಆಮೇಲೆ ಹನುಮಂತನ ಗುಡಿಯ ಕಟ್ಟೆಯ ಮೇಲೆ ಜನ ಸೇರಿದರು. ಮುತ್ಯಾ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು.

"ಹಚ್ಚೀನ್ರೋ! ಈ ಕೈಯಿಂದ ಹಚ್ಚೀನಿ. ನಮ್ಮಾಕಿ ಹಳೀ ಸೀರಿ ಹರದು ಹಸರ ಚಿಂದಿ ಕಟ್ಟೀನಿ."

"ಹಚ್ಚಿದ್ರ ಕಂಟಿಗೇನು ಕಾಲು ಬಂದಾವೇನು ಮುತ್ಯಾ? ಎದ್ದು ಹುಮನಾಬಾದಿ ಸಂತಿಗೆ ಹೋತೇನು?" ಎಂದನೊಬ್ಬ. ಆ ಗಂಭೀರ ಹೊತ್ತಿನಲ್ಲೂ ನಗೆ ಎದ್ದಿತು.

"ಯಾವನೋ ಗಾಡಿಯಾಂವ ತಗದಿರಬೇಕು" ಎಂದರು ಮುತ್ಯಾ.

ಆಗ ಎಲ್ಲರ ಮುಖ ನನ್ನ ಕಡೆ ತಿರುಗಿತು — ಅನುಮಾನದಿಂದಲ್ಲ, ನಂಬಿಕೆಯಿಂದ. ಗುಡ್ಡದ ದಾರಿ ನನ್ನಷ್ಟು ಬಲ್ಲವರಿಲ್ಲವಲ್ಲ.

"ಶರಣಣ್ಣಾ, ನೀವ ಹೇಳ್ರಿ. ಆ ತಿರುವು ದಾಟಿ ನಾಕ ಗಾಲಿ ಗಾಡಿ ಹೋಗ್ತದೇನ್ರಿ?"

ಮುತ್ಯಾ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ — ಇಲ್ಲ, ಅದನ್ನು ಬರೆಯಲಾರೆ.

"ಇಲ್ಲ್ರಿ" ಎಂದೆ. "ಹೋಗಂಗಿಲ್ಲ."

ನನ್ನ ಜೀವನದಲ್ಲಿ ನಾನು ಆಡಿದ ಅತಿ ಚಿಕ್ಕ ಮಾತು ಅದು.

ಮುತ್ಯಾ ವಾದಿಸಲಿಲ್ಲ. ಮರುದಿನದಿಂದ ಕಂಟಿ ಹುಡುಕತೊಡಗಿದರು. ನಾನು ಬದಿಗೆಳೆದು ಇಟ್ಟದ್ದನ್ನು ಆ ಸಂಜೆಯ ನೀರು ಕೊಚ್ಚಿಕೊಂಡು ಹೋಗಿತ್ತು. ನನ್ನ ಗಾಲಿಯ ಗುರುತನ್ನೂ. ಮುತ್ಯಾ ಕೊರಕಲಿಗಿಳಿದು, ಹಳ್ಳದಗುಂಟ ನಡೆದು, ಹರಿದು ಬಂದು ಸಿಕ್ಕಿಕೊಂಡ ಒಂದೊಂದೇ ಮುಳ್ಳುಟೊಂಗೆಯನ್ನು ಕೋಲಿನಿಂದ ಹೊರಳಿಸಿ ಹಸಿರು ಚಿಂದಿ ಹುಡುಕುತ್ತಿದ್ದರು. ಹೊಲಕ್ಕೆ ಹೋಗುವವರು ನಿಂತು ಕೇಳುತ್ತಿದ್ದರು: "ಸಿಕ್ತೇನು ಮುತ್ಯಾ ಕಂಟಿ? ನಮ್ಮನಿ ಬೇಲ್ಯಾಗ ಸೇರ್ಯದೇನು ನೋಡ್ರಿ ಜರಾ!" ಗಾದೆ ಹುಟ್ಟಿದ್ದು ಅಲ್ಲಿಯೇ, ಹಳ್ಳದ ದಂಡೆಯ ಮೇಲೆ. ಜೀಪಿನಲ್ಲಿ ಆ ದಾರಿಯಲ್ಲೇ ನಾನು ಅಂಗಡಿಗೆ ಹೋಗುತ್ತಿದ್ದೆ. ಗಾಡಿ ನಿಲ್ಲಿಸಿದ್ದೂ ಇದೆ. ಬಾಯಿ ತೆರೆದದ್ದೂ ಇದೆ. "ಬಿಸಲಾಗ ಯಾಕ್ರಿ ಮುತ್ಯಾ" — ಅಷ್ಟು ಅಂದು ಮುಂದೆ ಹೋಗಿದ್ದೇನೆ.

ಗುಡ್ಡದ ಆ ಕಥೆಯನ್ನು ನಾನು ಯಾರಿಗೂ ಹೇಳಲಿಲ್ಲ. ಕೊನೆಗೆ ಜೀಪು ತಗಡಿನ ಕೆಳಗೆ ನಿಂತಿತು, ಮತ್ತೆ ಹೊರಗೆ ತೆಗೆಯಲಿಲ್ಲ.

ಇನ್ನೊಂದು ಶಿಕ್ಷೆಯಿತ್ತು. ಇಸ್ಮಾಯಿಲ್ ಬಸವಕಲ್ಯಾಣದ ಬಜಾರಿನಲ್ಲಿ ಸಣ್ಣ ಬಳೆ ಅಂಗಡಿ ಇಟ್ಟ. ಪ್ರತಿ ಪಂಚಮಿಗೂ ನನ್ನ ಹೆಂಡತಿಗೆ ಎರಡೂ ಕೈತುಂಬ ಹಸಿರು ಬಳೆ ಕಳಿಸುತ್ತ ಬಂದ. "ಅಣ್ಣನ ಗಾಡಿ ಇರದಿದ್ರ ನಾನೆಲ್ಲಿ ಇರ್ತಿದ್ದೆ ಅಕ್ಕಾ" ಎಂದು ಹೇಳಿ ಕಳಿಸುತ್ತಿದ್ದ. ಅವಳು ರೊಟ್ಟಿ ಬಡಿಯುವಾಗ ಅವು ಘಲಘಲ ಎನ್ನುತ್ತಿದ್ದವು. ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಬಸ್ ನಿಲ್ದಾಣದ ಆ ಹೆಣ್ಣುಮಗಳ ಮಾತು ಕೇಳಿದ ಮೇಲೆ ಈ ಶ್ರಾವಣದಲ್ಲಿ ಮುತ್ಯಾರ ಮನೆಗೆ ಹೋದೆ. ಅಂಗಳದ ಹೊರಸಿನ ಮೇಲೆ ಮಲಗಿದ್ದರು. ಕಣ್ಣುಗಳು ಮಂಜಾಗಿವೆ.

"ಯಾರು? ಗಾಡಿ ಶರಣ್ಯಾ? ಬಾ ಬಾ. ಗುಡ್ಡಾ ಇನ್ನಾ ಅದನೋ, ಎಲ್ಲಾ ಸವಸಿದ್ಯೋ ಗಾಲಿ ಉಳ್ಳಿಸಿ?"

ಅವರ ಕಾಲ ಬಳಿ ಕುಳಿತೆ. "ಮುತ್ಯಾ, ಅವತ್ತು ಕಂಟಿ ನೀವು ಹಚ್ಚಿದ್ರಿ. ತಗದಾಂವ ನಾನು. ತಿರುವು ದಾಟೀನಿ, ಹೊಳ್ಳಿ ಹಚ್ಚಲಿಲ್ಲ. ಕಟ್ಟಿ ಮ್ಯಾಲ ಸುಳ್ಳು ಹೇಳೀನಿ."

ಮುತ್ಯಾ ನಕ್ಕರು. ಕೈ ತಡವಿ ನನ್ನ ತಲೆ ಹುಡುಕಿ ಸವರಿದರು.

"ಹುಚ್ಚಪ್ಯಾಲಿ. ಸಾಯೋ ಮುದುಕಗ ಸಮಾಧಾನ ಆಗ್ಲಿ ಅಂತ ಕಥಿ ಕಟಗೊಂಡು ಬಂದೀಯಲ್ಲ. ನಾ ಹಚ್ಚಿದ್ದಿಲ್ಲಪಾ. ಎಮ್ಮಿ ಈದಿತ್ತು ಅವತ್ತು. ಗಿಣ್ಣದ ಆಸೆಕ್ಕ ಮನಿಗೆ ಬಂದೆ, ಮರತೆ. ಹಚ್ಚೀನಿ ಅಂತ ತಿಳದಿದ್ದೆ ಅಷ್ಟ."

"ಹಸರ ಚಿಂದಿ ಕಟ್ಟಿದ್ರಿ ಮುತ್ಯಾ! ನಾ ಕಣ್ಣಾರೆ ನೋಡೀನಿ."

"ಚಿಂದಿ ಮಾತು ನಾನ ಊರ ತುಂಬ ಒದರೀನಿ. ನೀನೂ ಕೇಳಿರ್ತೀ." ಉಸಿರೆಳೆದುಕೊಂಡರು. "ಇಸ್ಮಾಲ್ಯಾಗ ಮುಖ ತೋರಸಲಿಲ್ಲ ನೋಡು. ಅದೊಂದು ಉಳೀತು."

ನನ್ನ ಬಳಿ ಬೇರೆ ಸಾಕ್ಷಿ ಏನಿತ್ತು? ಒಬ್ಬನೇ ಹೋಗಿದ್ದೆ, ಮಳೆ ಎಲ್ಲ ತೊಳೆದಿತ್ತು. ಇಡೀ ಜೀವನ ಕಥೆ ಹೇಳಿದವನ ನಿಜವೂ ಕಥೆಯಾಗಿಯೇ ಕೇಳಿಸಿತು.

ಅವರ ಸೊಸೆ ಕಾಶೀಬಾಯಿ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. ನನ್ನ ಹಿಂದೆ ಬೀದಿಯ ತನಕ ಬಂದಳು.

"ಖರೇನೇನ್ರಿ ಅಣ್ಣಾ?"

"ಖರೇನವ್ವಾ."

"ಮಾವಾರು ಮುಳ್ಳಾಗ ಬಿದ್ದು ಎದ್ದು ಬರ್ತಿದ್ರು. ಆ ಹುಡುಕಾಟ ಬಿಡಸಬೇಕಂತ ನಾನ ದಿನಾ ಹೇಳೀನಿ — ಮಾವಾರ, ನೀವು ಹಚ್ಚಿಲ್ರಿ, ಮರತೀರಿ, ಎಮ್ಮಿ ಈದಿತ್ತಲ್ರೀ ಅಂತ. ಒಂದಿನ ಒಪಗೊಂಡ್ರು." ಸೆರಗು ಬಾಯಿಗೆ ಹಿಡಿದಳು. "ಅದನ್ನ ನನ್ನ ಬಾಯಿಂದ ಹೇಳಿಸಿದ್ರಲ್ರೀ ನೀವು."

ಅವಳಿಗೆ ಕೈಮುಗಿದು ಹೊರಟೆ.

ಅಲ್ಲಿಂದ ನೇರ ಇಸ್ಮಾಯಿಲನ ಅಂಗಡಿಗೆ. ಮುದುಕಿಯೊಬ್ಬಳಿಗೆ ಬಳೆ ಏರಿಸುತ್ತಿದ್ದ. ಅವಳು ಹೋಗುವ ತನಕ ಕಾದು, ನಿಂತೇ ಎಲ್ಲ ಹೇಳಿದೆ. ಅವನು ತನ್ನ ಕೈಯ ಮೇಲಿನ ಬಳೆಗಳ ಸರವನ್ನೇ ನೋಡುತ್ತಿದ್ದ.

"ಮರತಿದ್ರಿ. ಹೌದಲ್ಲ ಅಣ್ಣಾ? ಮನಷ್ಯಾ ಮರೀತಾನ."

"ಇಲ್ಲ ಇಸ್ಮಾಯಿಲ್. ಹುಮನಾಬಾದಿನ್ಯಾಗ ಚಹಾ ಕುಡಿಯೋ ಮುಂದ ನೆನಪಾಗಿತ್ತು. ಫೋನ್ ಕಿಸೇದಾಗಿತ್ತು."

"ಮರತಿದ್ದೆ ಅನ್ರಿ." ಅವನು ಬಳೆಗಳ ಸರ ಕೆಳಗಿಟ್ಟ. "ಒಂದ್ಸಲ ಅನ್ರಿ ಅಣ್ಣಾ. ನಾ ನಂಬ್ತೀನಿ."

ಅನ್ನಲಾಗಲಿಲ್ಲ. ಒಂದು ಸುಳ್ಳಿಗೆ ಇಷ್ಟಾಗಿತ್ತು.

"ಕಾಕಾಗ ನಾನೂ ಭೆಟ್ಟಿ ಆಗಿಲ್ಲ ಅವತ್ತಿಂದ" ಎಂದ, ತನಗೆ ತಾನೇ ಎಂಬಂತೆ. "ನನ್ನ ಕಾಲು ತಿಂದಾನ ಮುದಕಾ ಅಂತ..." ಊರುಗೋಲು ಎಳೆದುಕೊಂಡ. "ಗಾಡಿ ತರ್ರಿ. ಕರಕೊಂಡು ನಡೀರಿ ಅಲ್ಲಿಗೆ."

ತಗಡಿನ ಕೆಳಗಿಂದ ಜೀಪು ತೆಗೆದೆ. ಇಸ್ಮಾಯಿಲ್ ಮುತ್ಯಾರ ಹೊರಸಿನ ಮೇಲೆ ಕುಳಿತು ಅವರ ಎರಡೂ ಕೈ ಹಿಡಿದುಕೊಂಡ. ಮುತ್ಯಾ ಗುರುತು ಹಿಡಿದರು. ಗುರುತು ಹಿಡಿದದ್ದೇ ತಡ, "ತಪ್ಪಾತಪಾ ಇಸ್ಮಾಲ್ಯಾ, ಮರತೆ..." ಎಂದು ಶುರುಮಾಡಿದರು.

"ಕಂಟಿ ಇತ್ತು ಕಾಕಾ" ಎಂದ ಇಸ್ಮಾಯಿಲ್.

"ಹಾಂ?"

"ಇತ್ತು. ಹಸರ ಚಿಂದಿ ಹಾರಾಡಾಕತ್ತಿತ್ತು. ಪಂಚಮಿ ಗಡಿಬಿಡಿ ನನಗ. ನಾನ ಸರಿಸಿ ಹೋದೆ. ಜನಾ ಬೈತಾರಂತ ಹೆದರಿ ಇದ್ದಿಲ್ಲ ಅಂದೆ."

ಮುತ್ಯಾ ಎದ್ದು ಕುಳಿತರು. ಮಂಜುಗಣ್ಣುಗಳಿಂದ ಅವನ ಮುಖವನ್ನು ಹುಡುಕಿದರು. "ಇತ್ತಾ? ಹಸರ ಚಿಂದಿ — ಇತ್ತಾ?" ಎಂದು ಕೂಸಿನಂತೆ ಮತ್ತೆ ಮತ್ತೆ ಕೇಳಿದರು. "ಇತ್ತು ಕಾಕಾ." "ಕಾಶೀ, ಕೇಳಿದ್ಯಾ? ಇತ್ತಂತ! ನಾ ಹಚ್ಚಿದ್ದೆ!" ಅಳುತ್ತಲೇ ನಗುತ್ತ ಅವನ ಬೆನ್ನಿಗೆ ಗುದ್ದಿದರು. "ಸುಳ್ಳ ಸೂಳಿಮಗನ... ಒಂದ ಮಾತು ಮೊದಲ ಹೇಳಬಾರದಾಗಿತ್ತೇನೋ!"

ಬೈಗುಳ ನನಗೆ ಸೇರಬೇಕಾದದ್ದು. ಅವನು ತಲೆ ಬಾಗಿಸಿ ತಿಂದ. ನಾನು ಬಾಯಿ ತೆರೆದೆ. ಕಾಶೀಬಾಯಿ ಕಣ್ಣಿನಿಂದಲೇ ಬೇಡ ಎಂದಳು. ನನ್ನ ನಿಜಕ್ಕೆ ಆಗದ ಕೆಲಸ ಅವನ ಸುಳ್ಳಿಗೆ ಆಗಿತ್ತು. ಕಾಲು ಕಳೆದುಕೊಂಡವನು ಈಗ ಹೆಸರನ್ನೂ ಕೊಟ್ಟಿದ್ದ. ನಾನು ಜೀಪಿಗೆ ಒರಗಿ ನಿಂತಿದ್ದೆ, ಅವನನ್ನು ಹೊತ್ತು ತಂದ ಬಾಡಿಗೆ ಗಾಡಿಯವನಂತೆ.

ಅಂಗಡಿಯ ಮುಂದೆ ಇಳಿಯುವಾಗ ಇಸ್ಮಾಯಿಲ್ ಎಂದ: "ಅಕ್ಕನ ಬಳಿ — ಈ ಪಂಚಮಿಗೆ ಕಳಸಂಗಿಲ್ಲ ಅಣ್ಣಾ."

ಹೂಂ ಎಂದೆ.

ಇಸ್ಮಾಯಿಲ್ ಆಡಿದ ಮಾತು ಮುತ್ಯಾರಿಗೆ ಮಾತ್ರ. ಅವರಿದ್ದಷ್ಟು ದಿನ ಅವರಿಗೆ ಅದೇ ಇರಲಿ, ಇದನ್ನು ಯಾರೂ ಅವರಿಗೆ ಓದಿ ಹೇಳಬೇಡಿ. ಆದರೆ ಊರು ಅದನ್ನು ನಂಬಕೂಡದು, ಅದಕ್ಕೇ ಬರೆದೆ. ಕಟ್ಟೆಯ ಮೇಲೆ ಹೇಳಿದೆ. "ಶರಣಣ್ಣನ ಹೊಸ ಕಥಿ ಬೇಶ್ ಅದ" ಎಂದು ನಕ್ಕರು. ನಾಳೆಯೂ ಹೇಳುತ್ತೇನೆ.

ಪಂಚಮಿಯ ದಿನ ನನ್ನ ಹೆಂಡತಿ ಹಳೆಯ ಬಳೆಗಳಲ್ಲೇ ನಾಗಪ್ಪನಿಗೆ ಹಾಲೆರೆದು ಬಂದಳು. ಕಟ್ಟೆಯ ಮಾತು ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಕೈ ಮುಂದೆ ಮಾಡಿ ನಗುತ್ತ ಅಂದಳು: "ಈ ಸಲ ಇಸ್ಮಾಯಿಲಣ್ಣಂದೂ ಮಲ್ಲಪ್ಪನ ಕಂಟಿ ಆತಲ್ರೀ!"

"ಮಲ್ಲಪ್ಪನ ಕಂಟಿ ಅಲ್ಲೇ ಇತ್ತು" ಎಂದೆ. "ಕೂಡು. ಹೇಳ್ತೀನಿ."